ಹಣೆ ನೋಡಿ ಹೇಳು

ಮಾರ್ಚ್ ೩

ಮೇಷ್ಟ್ರೇ,

ನಿಮ್ಮನ್ನ ಹೆಸರು ಹಿಡಿದು ಕರೆಯಲ್ಲ. ಅದು ನನ್ನ ಹೆಸರು. ಐವತ್ತು ವರ್ಷ ಆದ್ಮೇಲೆ, ಹೋದ ತಿಂಗಳು ಬಂದ ಒಂದು ಫೋನಲ್ಲಿ, ನನ್ನ ಹೆಸರೇನು ಅಂತ ನಂಗೆ ಗೊತ್ತಾಯ್ತು. ಅದನ್ನ ಇನ್ನೊಬ್ಬ ಇಟ್ಕೊಂಡು ಓಡಾಡ್ತಿದಾನೆ ಅನ್ನೋದೂ ಅದೇ ಫೋನಲ್ಲೇ ಗೊತ್ತಾಯ್ತು.

ಇದನ್ನ ಕಾಗದ ಅಂತಲೇ ತಿಳ್ಕೊಳ್ಳಿ. ಬರೆಯೋಕೆ ಬರಲ್ಲ ಅಂತಲ್ಲ. ಬರೆಯೋಕೆ ಕೂತ್ರೆ ಸಿಟ್ಟು ಆರುತ್ತೆ, ಇದು ಆರೋದು ನಂಗಿಷ್ಟ ಇಲ್ಲ. ಅದಕ್ಕೆ ಫೋನನ್ನ ಬಾಯಿ ಹತ್ರ ಹಿಡ್ಕೊಂಡು ಮಾತಾಡಿ ಕಳಿಸ್ತಿದೀನಿ. ನಾನು ಕ್ಷೌರದವನು. ಮಧ್ಯಾಹ್ನದ ಹೊತ್ತು ಅಂಗಡೀಲಿ ಯಾರೂ ಇರಲ್ಲ, ಖಾಲಿ ಕುರ್ಚಿ ಎದುರು ನಿಂತು ಹೇಳ್ತಿದೀನಿ. ಕುರ್ಚೀಲಿ ನೀವು ಕೂತಿದೀರ, ಕುತ್ತಿಗೆಗೆ ಬಟ್ಟೆ ಕಟ್ಟಿದೀನಿ, ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ ಅಂದ್ಕೊಳ್ಳಿ.

ಯುದ್ಧದಲ್ಲಿ ಕಳೆದುಹೋದವರನ್ನ ಹುಡುಕೋ ಕಚೇರಿಯವರು ಎಂಜಲು ತಗೊಂಡು ಯಾರು ಯಾರ ರಕ್ತಸಂಬಂಧ ಅಂತ ಪರೀಕ್ಷೆ ಮಾಡ್ತಾರಲ್ಲ, ನಾನೂ ಕೊಟ್ಟಿದ್ದೆ. ನಿಮ್ಮ ದೊಡ್ಡಮ್ಮನ ಮಗಳೂ ಕೊಟ್ಟಿದ್ಲು, ಅವಳ ಅಣ್ಣನಿಗೋಸ್ಕರ. ತಡೀರಿ. ನಿಮ್ಮ ದೊಡ್ಡಮ್ಮ ಅಲ್ಲ, ನನ್ನ ದೊಡ್ಡಮ್ಮ. ಇನ್ಮೇಲೆ ಇದನ್ನೆಲ್ಲ ತಿದ್ದಿ ತಿದ್ದಿ ಹೇಳೋದು ಕಲೀಬೇಕು, ನೀವೂ ಕಲೀರಿ. ಪಾಪ, ಅವಳಿಗೆ ಅಣ್ಣ ಸಿಗ್ಲಿಲ್ಲ, ನಾನು ಸಿಕ್ಕಿದೆ. ಫೋನ್ ಮಾಡಿ, "ನೀವು ನಮ್ಮ ಚಿಕ್ಕಮ್ಮನ ಮಗ ಅಂತ ಬಂದಿದೆ. ಆದ್ರೆ ಚಿಕ್ಕಮ್ಮನಿಗೆ ಒಬ್ಬನೇ ಮಗ. ಅವನು ಚಿಕ್ಕವನಿದ್ದಾಗ್ಲೇ ವಾಪಸ್ ಸಿಕ್ಕಿದಾನೆ, ಈಗ ಭೂಗೋಳದ ಮೇಷ್ಟ್ರು," ಅಂದ್ಲು. ಆಮೇಲೆ ಅವಳೇ ಕೇಳಿದ್ಲು, "ಚಿಕ್ಕವರಿದ್ದಾಗ ನೀವು ಹಾಕಿದ್ದ ಕೋಟಿಗೆ ಏನು ಗುರುತಿತ್ತು?"

"ಕರೀ ಗುಂಡಿಗಳ ಮಧ್ಯೆ ಒಂದು ಹಿತ್ತಾಳೆ ಗುಂಡಿ," ಅಂದೆ.

ಅವಳು ಫೋನ್ ಕೆಳಗಿಟ್ಟು ಅತ್ತಿದ್ದು ನಂಗೆ ಕೇಳಿಸ್ತು.

ಗುರುತಿನ ವಿಷಯ ನಿಮಗೆ ಗೊತ್ತು. ಆದ್ರೂ ನನ್ನ ಬಾಯಿಂದ ಕೇಳಿ. ಆ ಯುದ್ಧದಲ್ಲಿ ಹೆಸರು ಹೇಳಿದ್ರೆ ಸಾಕು, ಯಾವ ಕಡೆಯವರು ಅಂತ ತಿಳೀತಿತ್ತು. ತಪ್ಪು ಕಡೆಯವರ ಕೈಗೆ ಸಿಕ್ಕರೆ ಆ ಹೆಸರೇ ಯಮ. ಅದಕ್ಕೆ, ಮಕ್ಕಳನ್ನ ಲಾರಿ ಹತ್ತಿಸಿ ಬೆಟ್ಟದಾಚೆ ಮಕ್ಕಳ ಮನೆಗೆ ಕಳಿಸೋವಾಗ ತಾಯಂದಿರು ಎರಡು ಕೆಲಸ ಮಾಡಿದ್ರು. ಕೋಟಿಗೆ ತಮಗೊಬ್ಬರಿಗೇ ಗೊತ್ತಾಗೋ ಒಂದು ಗುರುತು ಹೊಲಿದ್ರು. ಮಗುವಿಗೆ ಅದರ ಹೆಸರು ಮರೆಸಿದ್ರು.

ಅಮ್ಮ ನನ್ನನ್ನ ಅಡುಗೆಮನೆ ಮೇಜಿನ ಮೇಲೆ ಕೂರಿಸ್ಕೊಂಡು ಪಾಠ ಹೇಳಿಕೊಡೋಳು. "ಹೆಸರೇನು?" "ಗೊತ್ತಿಲ್ಲ." "ಅಪ್ಪ ಯಾರು?" "ಗೊತ್ತಿಲ್ಲ." "ಮನೆ ಎಲ್ಲಿ?" "ಗೊತ್ತಿಲ್ಲ." ತಪ್ಪಿದ್ರೆ ಮೊದಲಿಂದ. ನಂಗೆ ಅದು ಆಟ, ಕಣ್ಣಲ್ಲಿ ನಗು ಬಂದ್ಬಿಡೋದು. ಆಗ ಗಲ್ಲ ಹಿಡಿದು ಹೇಳಿದ್ಲು: "ಕಣ್ಣು ನೋಡ್ಬೇಡ. ಕಣ್ಣು ನೋಡಿದ್ರೆ ಸುಳ್ಳು ನಿಲ್ಲಲ್ಲ. ಹಣೆ ನೋಡಿ ಹೇಳು."

ಅವಳ ಮುಖ ನಂಗೆ ನೆನಪಿಲ್ಲ ಮೇಷ್ಟ್ರೇ. ಹಣೆ ನೆನಪಿದೆ.

ನಾಲ್ಕು ವರ್ಷದ ನಾನು ಪಾಠ ಎಷ್ಟು ಚೆನ್ನಾಗಿ ಕಲಿತೆ ಅಂದ್ರೆ, ಯುದ್ಧ ಮುಗಿದು ಒಳ್ಳೆಯವರು ಬಂದು ಕೇಳಿದಾಗ್ಲೂ ಗೊತ್ತಿಲ್ಲ ಅಂದೆ. ಅಷ್ಟರಲ್ಲಿ ನಿಜವಾಗ್ಲೂ ಗೊತ್ತಿರಲಿಲ್ಲ. ಈಗ್ಲೂ ಎದುರಿಗಿದ್ದವರ ಹಣೆ ನೋಡೇ ಮಾತಾಡೋದು. ಕ್ಷೌರದವನಿಗೆ ನಡೆಯುತ್ತೆ, ಕೂದಲು ಎಲ್ಲಿಂದ ಶುರು ಅಂತ ನೋಡ್ತಿದಾನೆ ಅಂದ್ಕೋತಾರೆ. ಹೆಂಡತಿ ಮಾತ್ರ ಹೊಸದರಲ್ಲಿ ರೇಗೋಳು, "ನನ್ನ ಹಣೇಲಿ ಏನು ಬರೆದಿದೆ ಅಂತ ಹಾಗೆ ಓದ್ತೀರಿ?"

ಮಕ್ಕಳ ಮನೇಲಿ ಹೇನು ಕಾಟ. ಬಟ್ಟೆ ಒಗೆಯೋಳು ಎಲ್ಲರ ಕೋಟನ್ನೂ ಒಂದೇ ಹಂಡೇಲಿ ಕುದಿಸಿ, ಒಣಗಿಸಿ, ಅಳತೆ ನೋಡಿ ಹಂಚಿದ್ಲು. "ಹಿತ್ತಾಳೆ ಗುಂಡೀದು ನಂದು," ಅಂದೆ. "ನಿಂಗೆ ಬಿಗಿಯಾಗುತ್ತೆ ಮರಿ, ಅವನಿಗೆ ಸರಿಹೋಗುತ್ತೆ," ಅಂದ್ಲು. ನನ್ನ ಕೋಟು ನಿಮಗೆ ಹೋಯ್ತು. ಅಂಚಿಗೆ ಕೆಂಪು ದಾರದ ಹೊಲಿಗೆ ಇದ್ದ ನಿಮ್ಮ ಕೋಟು ನಂಗೆ ಬಂತು. ಯಾವ ಮಗುವೂ ಹೆಸರು ಹೇಳ್ತಿರಲಿಲ್ವಲ್ಲ, ಕೋಟು ನೋಡೇ ಕರೆಯೋರು. ನೀವು ಹಿತ್ತಾಳೆ. ನಾನು ಕೆಂಪುದಾರ.

ಎರಡು ಚಳಿಗಾಲ ಕಳೀತು. ನಾನು ಮೈತುಂಬ ಸಿಡುಬು ಎದ್ದು ಹಿಂದಿನ ಕೋಣೇಲಿ ಮಲಗಿದ್ದೆ. ಬಾಗಿಲಾಚೆಯಿಂದ ಹುಡುಗರು ಕೂಗಿದ್ರು, "ಹಿತ್ತಾಳೆಯ ಅಮ್ಮ ಬಂದ್ಲು, ಅವನನ್ನ ಕರ್ಕೊಂಡು ಹೋದ್ಲು!" ಹೊಟ್ಟೆ ಉರ್ಕೊಂಡು ಗೋಡೆ ಒದ್ದೆ. ನನ್ನಮ್ಮ ಬಂದಿದ್ದಕ್ಕೆ ನಾನೇ ಹೊಟ್ಟೆ ಉರ್ಕೊಂಡಿದೀನಿ ಮೇಷ್ಟ್ರೇ. ಇದನ್ನ ಯಾವ ಭೂಪಟದಲ್ಲಿ ತೋರಿಸ್ತೀರಿ?

ನಂಗೆ ಬೇಕಾಗಿರೋದು ಒಂದೇ. ಅವಳ ಎದುರು ನನ್ನನ್ನ ನಿಲ್ಲಿಸಿ. ಮನೆಯವರೆಲ್ಲ ಕೇಳೋ ಹಾಗೆ ಅವಳು ನನ್ನನ್ನ ಮಗ ಅನ್ಬೇಕು. ಗುಂಡಿ ನೋಡಿದ್ದು ಸರಿ, ಮುಖ ನೋಡ್ಲಿಲ್ವಾ ಅಂತ ಕೇಳ್ಬೇಕು.

ಇಂತಿ,
ಕೆಂಪುದಾರ


ಮಾರ್ಚ್ ೧೯

ಮಾನ್ಯರೇ,

ನಿಮ್ಮ ಧ್ವನಿಯನ್ನು ಶಾಲೆಯ ಶಿಕ್ಷಕರ ಕೊಠಡಿಯಲ್ಲಿ, ಬಾಗಿಲು ಹಾಕಿಕೊಂಡು ಕೇಳಿದೆ. ನಿಮ್ಮ ಕಷ್ಟಕ್ಕೆ ಮರುಗುತ್ತೇನೆ. ಆದರೆ ಇಂಥ ಪರೀಕ್ಷೆಗಳು ತಪ್ಪುವುದೂ ಉಂಟು. ಎಷ್ಟೋ ಕೋಟುಗಳಿಗೆ ಹಿತ್ತಾಳೆಯ ಗುಂಡಿ ಇದ್ದಿರಬಹುದು.

ಅಮ್ಮನಿಗೆ ಎಂಬತ್ತು ಹತ್ತಿರವಾಯಿತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಹೃದಯವೂ ಚೆನ್ನಾಗಿಲ್ಲ. ಅವರು ಗುಂಡಿ ನೋಡಿ ನನ್ನನ್ನು ಗುರುತಿಸಿದರು, ಮನೆಗೆ ಕರೆತಂದರು, ಓದಿಸಿದರು. ನನಗೆ ತಿಳಿದಿರುವುದು ಅಷ್ಟೇ. ದಯವಿಟ್ಟು ಅವರ ನೆಮ್ಮದಿ ಕದಡಬೇಡಿ.

ಇಂತಿ,
ಅವರ ಮಗ


ಮಾರ್ಚ್ ೨೦

"ಅವರ ಮಗ" ಅಂತ ಸಹಿ ಹಾಕ್ತೀಯಾ? ಕೈ ನಡುಗ್ಲಿಲ್ವಾ? ಇನ್ಮೇಲೆ ನಿಂಗೆ ನೀವು-ತಾವು ಇಲ್ಲ.

ನೆಮ್ಮದಿಯಂತೆ! ಇಷ್ಟು ವರ್ಷ ಅವಳು ಅನುಭವಿಸಿದ ನೆಮ್ಮದೀಲಿ ಅರ್ಧ ನಂದು. ಸರಿ, ನಿನ್ನ ನೆಮ್ಮದಿಗೂ ಸ್ವಲ್ಪ ಕಲ್ಲು ಹಾಕ್ತೀನಿ, ಕೇಳು.

ನೀನು ಹೋದ ಮೇಲೆ, ಮುಂದಿನ ಚಳಿಗಾಲದಲ್ಲಿ ಒಬ್ಬಳು ಬಂದ್ಲು. ಕೈಯಲ್ಲಿ ಕೆಂಪು ದಾರದ ಉಂಡೆ. ವಾರ್ಡನ್ ನನ್ನ ಮುಖ ತೊಳೆಸಿ, ತಲೆ ಬಾಚಿಸಿ, ಕೋಟು ಹಾಕಿಸಿ ನಿಲ್ಲಿಸಿದ್ಲು. ಬಂದವಳು ಮಂಡಿಯೂರಿ ಕೂತು ಕೋಟಿನ ಅಂಚು ಹಿಡಿದ್ಲು. ತನ್ನ ಹೊಲಿಗೆ ಮೇಲೆ ಬೆರಳು ಆಡಿಸ್ತಾ ಆಡಿಸ್ತಾ ಸುತ್ತು ಪೂರ್ತಿ ಹೋದ್ಲು, ಒಂದು ಹೊಲಿಗೇನೂ ಬಿಡಲಿಲ್ಲ. ಆಮೇಲೆ ತಲೆ ಎತ್ತಿ ನನ್ನ ಕಣ್ಣು ನೋಡಿದ್ಲು. ನಾನು ಅವಳ ಹಣೆ ನೋಡ್ಕೊಂಡು "ಅಮ್ಮಾ" ಅಂದೆ. ಸುಳ್ಳು ಅಂತ ಗೊತ್ತಿದ್ದೇ ಅಂದೆ. ಏಳು ವರ್ಷಕ್ಕೆ ಅಷ್ಟು ಬುದ್ಧಿ ಬಂದಿತ್ತು.

ಅವಳು ಏನಂದ್ಲು ಗೊತ್ತಾ? "ಹೊಲಿಗೆ ನಂದು. ಮಗು ನಂದಲ್ಲ."

ವಾರ್ಡನ್ ಹೇಳಿದ್ಲು, "ಎರಡು ಮೂರು ವರ್ಷಕ್ಕೆ ಮಕ್ಕಳ ಮುಖ ಬದಲಾಗುತ್ತಮ್ಮ, ಸರಿಯಾಗಿ ನೋಡು." ಅದಕ್ಕೆ ಇವಳು, "ನೋಡಿದೆ. ಇವನ ತಾಯಿ ಇನ್ನೆಲ್ಲೋ ಹುಡುಕ್ತಿರ್ತಾಳೆ. ನಾನು ಹೇಗೆ ಕರ್ಕೊಂಡು ಹೋಗ್ಲಿ?" ಅಂದ್ಲು. ಕುತ್ತಿಗೆವರೆಗೂ ನನ್ನ ಕೋಟಿನ ಗುಂಡಿ ಹಾಕಿ ಎದ್ದು ಹೋದ್ಲು. ನಾನು ಗೇಟಿನವರೆಗೂ ಅಮ್ಮಾ ಅಮ್ಮಾ ಅಂತ ಕಿರುಚ್ತಾ ಓಡಿದೆ. ತಿರುಗಿ ನೋಡ್ಲಿಲ್ಲ. ನೋಡಿದ್ರೆ ಕರ್ಕೊಂಡು ಹೋಗಿಬಿಡ್ತಿದ್ಲೇನೋ.

ಅವಳು ನಿನ್ನ ಅಮ್ಮ ಮೇಷ್ಟ್ರೇ. ಹೆತ್ತವಳು.

ಈಗ ಲೆಕ್ಕ ನೀನೇ ಹಾಕು. ನನ್ನಮ್ಮ ನಿನ್ನನ್ನ ನೋಡಿ ಮಗು ನಂದು ಅಂತ ಸುಳ್ಳು ಹೇಳಿದ್ಲು, ನಿನ್ನಮ್ಮ ನಿಜ ಹೇಳಿದ್ಲು, ಎರಡು ಸಲಾನೂ ಅಲ್ಲೇ ಉಳಿದಿದ್ದು ನಾನು. ಒಬ್ಬಳಾದ್ರೂ ಉಲ್ಟಾ ಮಾಡಿದ್ರೆ ನಂಗೊಂದು ಮನೆ ಇರ್ತಿತ್ತು!

ಗೇಟಲ್ಲಿ ಅವಳು ವಾರ್ಡನ್‌ಗೆ ತಾನೆಲ್ಲಿ ಕೆಲಸ ಮಾಡೋದು, ಹುಡುಗ ಸಿಕ್ಕರೆ ಎಲ್ಲಿಗೆ ಹೇಳಿ ಕಳಿಸ್ಬೇಕು ಅಂತ ಹೇಳಿದ್ಲು. ಹುಡುಗನ ಮೈಮೇಲಿನ ಗುರುತೂ ಹೇಳಿದ್ಲು. ನಾನು ಅಲ್ಲೇ ಇದ್ದೆ, ಕಿವಿ ತುಂಬ ಕೇಳಿದೀನಿ, ಇವತ್ತಿಗೂ ಮರೆತಿಲ್ಲ. ನಿಂಗೆ ಹೇಳಲ್ಲ. ನನ್ನಮ್ಮ ಎಲ್ಲರೆದುರು ನನ್ನನ್ನ ಮಗ ಅಂದ ದಿನ ಹೇಳ್ತೀನಿ. ಅಲ್ಲೀವರೆಗೂ ನೀನೂ ಸ್ವಲ್ಪ ಹುಡುಕು. ಹುಡುಕೋದು ಹೇಗಿರುತ್ತೆ ನೋಡು.

ಇಂತಿ,
ಯಾರ ಮಗನೂ ಅಲ್ಲದವನು


ಮೇ ೯

ಮೇಷ್ಟ್ರೇ,

ಏಪ್ರಿಲ್ ಪೂರ್ತಿ ಕಾದೆ. ನಿನ್ನಿಂದ ಉಸಿರಿಲ್ಲ. ಬಾಯಿಗೆ ಬೀಗ ಹಾಕೋ ಪಾಠ ನಿಂಗೂ ನಿನ್ನಮ್ಮ ಕಲಿಸಿರ್ತಾಳೆ ಬಿಡು.

ಮೊನ್ನೆ ಅಂಗಡಿ ಮುಚ್ಚಿ ನಿಮ್ಮ ಬೀದಿಗೇ ಬಂದಿದ್ದೆ. ದೊಡ್ಡಮ್ಮನ ಮಗಳು ವಿಳಾಸ ಕೊಟ್ಟಿದ್ಲು. ಮೂಲೇಲಿ ಟೈರಿನ ಅಂಗಡಿ, ಪಕ್ಕದಲ್ಲಿ ಔಷಧಿ ಅಂಗಡಿ, ಆಮೇಲೆ ನಿಮ್ಮ ನೀಲಿ ಬಾಗಿಲು. ಬಾಗಿಲಿಗೆ ಹಿತ್ತಾಳೆ ಹಿಡಿ, ಪಳಪಳ ಅಂತ ಉಜ್ಜಿಟ್ಟಿದೀರ. ಅದನ್ನ ನೋಡಿ ಮೈ ಉರೀತು. ಎದುರಿನ ಬಸ್ ನಿಲ್ದಾಣದಲ್ಲಿ ಕೂತೆ. ಏನೇನು ಅನ್ಬೇಕು ಅಂತ ದಾರೀಲಿ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ, ಗಿರಾಕಿಗಳಿಗೆ ದಿನಾ ಅಷ್ಟು ಮಾತಾಡೋ ಬಾಯಿ ಇದು. ಕಿಟಕಿ ಪರದೆ ಹಿಂದೆ ಬಿಳೀ ತಲೆಯೊಂದು ಕಾಣಿಸ್ತು. ಕೂದಲು ತುಂಬ ಬೆಳೆದು ಅಡ್ಡಾದಿಡ್ಡಿ ಆಗಿದೆ. ಯಾರೂ ಕತ್ತರಿಸಲ್ವಾ ಅವಳಿಗೆ?

ಬಸ್ಸು ಬಂತು, ಹೋಯ್ತು. ಕಂಡಕ್ಟರು "ಹತ್ತೋದಿದ್ರೆ ಹತ್ರೀ, ಇಲ್ಲ ಅಂದ್ರೆ ಜಾಗ ಬಿಡ್ರೀ" ಅಂದ. ಕತ್ತಲಾಗೋ ಮೊದಲು ಹತ್ತಿದೆ. ಬಾಗಿಲು ತಟ್ಟಲಿಲ್ಲ.

ಯಾಕೆ ಅಂತ ಕೇಳ್ಬೇಡ. ಕೇಳಿದ್ರೆ ಬೈದುಬಿಡ್ತೀನಿ.

ಇಂತಿ,
ಕೆಂಪುದಾರ


ಜೂನ್ ೨

ಮಾನ್ಯರೇ,

ನಿಮ್ಮ ಮಾರ್ಚ್ ತಿಂಗಳ ಸಂದೇಶವನ್ನು ಎಷ್ಟು ಸಲ ಕೇಳಿದೆನೋ. "ಹೊಲಿಗೆ ನಂದು, ಮಗು ನಂದಲ್ಲ" ಎಂಬಲ್ಲಿಗೆ ಬಂದಾಗಲೆಲ್ಲ ನಿಲ್ಲಿಸಿ ಹಿಂದಕ್ಕೆ ಹೋಗುತ್ತೇನೆ. ಹೆಂಡತಿಗೂ ಹೇಳಿರದ ಒಂದು ಮಾತನ್ನು ಈಗ ಬರೆಯುತ್ತಿದ್ದೇನೆ.

ಆ ದಿನ ಮಕ್ಕಳ ಮನೆಯ ಗೇಟು ದಾಟಿ, ಅಮ್ಮನೂ ನಾನೂ ಕೈ ಹಿಡಿದುಕೊಂಡು ರಸ್ತೆಯಲ್ಲಿ ಬಹಳ ದೂರ ನಡೆದೆವು. ಕಾಲುವೆಯ ಬಳಿ ನಿಂತು ಕೇಳಿದರು, "ನಿನ್ನ ಹೆಸರೇನು ಮಗು?"

"ಗೊತ್ತಿಲ್ಲ" ಎಂದೆ. ಅವರು ತುಂಬ ಹೊತ್ತು ಅತ್ತರು. ಆಮೇಲೆ ಮುಖ ಒರೆಸಿಕೊಂಡು, ನಿಮ್ಮ ಹೆಸರನ್ನು ನನಗೆ ಹೇಳಿಕೊಟ್ಟರು. ನಾನು ಮೂರು ಸಲ ಹೇಳಿ ತೋರಿಸಿದೆ.

ಹೆತ್ತ ಮಗನ ಹೆಸರನ್ನು ಯಾವ ತಾಯಿಯೂ ಕೇಳುವುದಿಲ್ಲ. ಅದು ನನಗೆ ಹತ್ತು ವರ್ಷವಾದಾಗಲೇ ಹೊಳೆದಿತ್ತು.

ನಂತರದ ಕೆಲವು ವರ್ಷ ಅವರು ಆಗಾಗ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಬಂದ ದಿನ ಊಟ ಮಾಡುತ್ತಿರಲಿಲ್ಲ. ಒಮ್ಮೆ ನೆರೆಯವರಿಗೆ ಹೇಳುವುದು ಕೇಳಿಸಿತು: "ಮಕ್ಕಳ ಮನೆ ಗೇಟಿನ ಹೊರಗೆ ನಿಂತು ನೋಡ್ಕೊಂಡು ಬಂದೆ. ಒಳಗೆ ಹೋಗಿ ಏನಂತ ಕೇಳ್ಲಿ? ಇವನನ್ನ ಕಿತ್ಕೋತಾರೆ." ಆಮೇಲೆ ಮಕ್ಕಳ ಮನೆಯನ್ನು ಬೇರೆಲ್ಲಿಗೋ ಸಾಗಿಸಿದರಂತೆ.

ಒಂದು ಬೇಡಿಕೆ. ಅವರ ಕೂದಲು ಕತ್ತರಿಸಬೇಕಾಗಿದೆ, ಸೊಂಟದ ನೋವಿನಿಂದ ಹೊರಗೆ ಕರೆದೊಯ್ಯಲು ಆಗುವುದಿಲ್ಲ. ನೀವು ಕ್ಷೌರದವರಾಗಿ ಮನೆಗೆ ಬರಬಹುದೇ? ನೋಡಿ, ಮಾತನಾಡಿಸಿ. ಅವರಿಗೇ ಗುರುತು ಸಿಕ್ಕರೆ ನಾನು ಅಡ್ಡ ಬರುವುದಿಲ್ಲ. ಸಿಗದಿದ್ದರೆ ನೀವಾಗಿ ಹೇಳಬಾರದು.

ಇಂತಿ,
ನಿಮ್ಮ ಕೋಟು ತೊಟ್ಟವನು


ಜೂನ್ ೩

ನನ್ನ ಸ್ವಂತ ಅಮ್ಮನ ಮನೆಗೆ ಕತ್ತರಿ ಪೆಟ್ಟಿಗೆ ಹಿಡ್ಕೊಂಡು ಕೆಲಸದವನ ವೇಷದಲ್ಲಿ ಬರ್ಬೇಕಾ? ಭಲೇ ಮೇಷ್ಟ್ರೇ. ಹೋಗೋವಾಗ ಕೂಲೀನೂ ಕೊಡ್ತೀಯೇನು, ಚಿಲ್ಲರೆ ಇಟ್ಕೊಂಡಿರು!

ಗೇಟಿನ ಹೊರಗೆ ನಿಂತಿದ್ಲಂತೆ. ನಾನು ಒಳಗೇ ಇದ್ದೆ ಕಣೋ! ಅಂಗಳದಲ್ಲಿ ಗೋಲಿ ಆಡ್ತಿದ್ದೆ! ಬಾಗಿಲು ತಟ್ಟೋಕೆ ಅವಳಿಗೆ ಕೈ ಇರಲಿಲ್ವಾ?

...

ಈಗ ಇದನ್ನ ನಿಲ್ಲಿಸಿ ಒಂದು ಗಿರಾಕಿ ಗಡ್ಡ ಮುಗಿಸಿ ಬಂದೆ. ಬಸ್ ನಿಲ್ದಾಣದಲ್ಲಿ ಕೂತಾಗ ನಂಗೂ ಎರಡು ಕೈ ಇತ್ತು ಅಂತ ನೀನು ಹೇಳ್ತೀಯ. ಹೇಳ್ಬೇಡ. ನಾನೇ ಹೇಳ್ಕೊಂಡಾಯ್ತು.

ಯಾವ ದಿನ ಬರ್ಲಿ?

ಕೆಂಪುದಾರ


ಜೂನ್ ೨೪

ಹಿತ್ತಾಳೆ,

ನಾನು ಬಂದು ಹೋಗಿ ವಾರ ಆಯ್ತು. ನೀನು ಆವತ್ತು ಬಾಗಿಲಲ್ಲಿ ನನ್ನ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡಿ, ಅವ್ರಿಗೆ ಗುರುತು ಸಿಗ್ಲಿಲ್ಲ," ಅಂದೆ. ನಿನ್ನ ಮುಖದಲ್ಲಿ ಒಂದು ಬೆಟ್ಟ ಇಳಿದಷ್ಟು ಸಮಾಧಾನ ಕಾಣಿಸ್ತು. ನಾನು ಮಾತಾಡದೆ ಹೊರಟೆ. ನಾನು ಮಾತಾಡದೆ ಹೊರಟಿದ್ದು ಅದೇ ಮೊದಲು ಅಂತ ಹೆಂಡತಿಗೆ ಹೇಳಿದ್ರೆ ನಂಬ್ಲಿಲ್ಲ.

ನೀನು ಅಲ್ಲೇ ಇದ್ದೆ, ಆದ್ರೆ ನೀನು ನೋಡಿದ್ದೇನು ಅಂತ ನಿಂಗೆ ಗೊತ್ತಿಲ್ಲ. ಹೇಳ್ತೀನಿ, ಕೇಳು.

ಕಿಟಕಿ ಪಕ್ಕ ಅವಳನ್ನ ಕುರ್ಚೀಲಿ ಕೂರಿಸಿದ್ರಿ. ಬಟ್ಟೆ ಕಟ್ಟಿದ ಕೂಡ್ಲೇ ಶುರು ಮಾಡಿದ್ಲು, "ನೋಡಪ್ಪ, ಗಂಡಸರಿಗೆ ಕತ್ತರಿ ಹೊಡೆದ ಹಾಗೆ ನಂಗೆ ಹೊಡೀಬೇಡ. ಸತ್ತಾಗ ಜನ ನೋಡೋಕೆ ಬರ್ತಾರೆ, ಮುಖ ಚೆನ್ನಾಗಿರ್ಲಿ." ನಿನ್ನ ಹೆಂಡತಿ, "ಅತ್ತೇ, ಹೋದ ಸಲಾನೂ ಸಾಯ್ತೀನಿ ಅಂತ ಹೊಸ ಸೀರೆ ತಗೊಂಡ್ರಿ, ಅದು ಹಳೇದಾಯ್ತು," ಅಂದ್ಲು. ಇವಳು ತಿರುಗಿ, ಸೊಸೆ ಕಣ್ಣಿಗೆ ಕಣ್ಣು ಕೊಟ್ಟು, "ನಿನ್ನ ಹರಕೆ ಫಲಿಸಿಲ್ಲ ಅಂತ ಹೊಟ್ಟೆಕಿಚ್ಚಾ?" ಅಂತ ನಕ್ಕಳು. ನಿನ್ನ ಜೊತೆ ಮಾತಾಡೋವಾಗ್ಲೂ ಹಾಗೇ, ಕಣ್ಣಿಗೆ ಕಣ್ಣು. ನಾನು ಗಮನಿಸ್ತಾನೇ ಇದ್ದೆ.

ನಡುನೆತ್ತೀಲಿ ಎರಡು ಸುಳಿ ಅವಳಿಗೆ. ನಂಗೂ ಎರಡು. ಬಾಚಣಿಗೆ ಅಲ್ಲಿ ಸಿಕ್ಕಿ ನಿಂತಾಗ ಎರಡನ್ನೂ ಬೆರಳಲ್ಲಿ ಮುಟ್ಟಿ ನೋಡಿದೆ.

ಹಿಂದಿನ ಕೂದಲು ಮುಗಿಸಿ ಮುಂದಿನದಕ್ಕೆ ಅಂತ ಎದುರಿಗೆ ಬಂದು ಬಗ್ಗಿದೆ. ಆ ಹಣೆ. ಗೆರೆ ಬಿದ್ದಿದೆ, ಚರ್ಮ ಜೋತಿದೆ, ಆದ್ರೂ ಅದೇ ಹಣೆ. ಅಡುಗೆಮನೆ ಮೇಜಿನ ಮೇಲೆ ಕೂತ ಹಾಗೇ ಆಯ್ತು ನಂಗೆ. ಕಷ್ಟಪಟ್ಟು ದೃಷ್ಟಿ ಇಳಿಸಿದೆ. ಆ ಪಾಠ ಕಲಿತ ಮೇಲೆ ಮೊದಲ್ನೇ ಸಲ ನಾನಾಗಿ ಒಬ್ಬರ ಕಣ್ಣು ನೋಡೋಕೆ ಹೋದೆ.

"ಅಮ್ಮಾ, ನಾನ್ಯಾರು ಅಂತ ಗುರುತು ಸಿಕ್ತಾ?"

"ಗೊತ್ತಿಲ್ಲ."

"ನನ್ನ ಹೆಸರು?"

"ಗೊತ್ತಿಲ್ಲ."

"ನಮ್ಮನೆ ಎಲ್ಲಿತ್ತು?"

"ಗೊತ್ತಿಲ್ಲ."

ಇಷ್ಟೇ ನಿಂಗೆ ಕೇಳಿಸಿದ್ದು. ನೀನು ಬಾಗಿಲ ಹತ್ರ ಇದ್ದೆ, ಅವಳ ಬೆನ್ನು ನಿನ್ನ ಕಡೆಗಿತ್ತು. ನಂಗೆ ಕಂಡಿದ್ದು ನಿಂಗೆ ಕಾಣಲಿಲ್ಲ. ನಾನು ಅವಳ ಕಣ್ಣು ಹುಡುಕ್ತಿದ್ದೆ, ಅವಳ ಕಣ್ಣು ನನ್ನ ಕಣ್ಣಲ್ಲಿರಲಿಲ್ಲ. ಎರಡು ಬೆರಳು ಮೇಲೆ ಇತ್ತು. ನನ್ನ ಹಣೆ ಮೇಲೆ. ಮೂರು ಪ್ರಶ್ನೆಗೂ ಕದಲಲಿಲ್ಲ. ಬಟ್ಟೆ ಒಳಗೆ ಕೈ ಮುಷ್ಟಿ ಕಟ್ಟಿದ್ದು ಮಾತ್ರ ಕಾಣಿಸ್ತಿತ್ತು.

ಪಾಠ ಹೇಳಿಕೊಟ್ಟವಳು ಮರೀತಾಳಾ?

ಗುರುತು ಸಿಕ್ಕಿದೆ ಕಣೋ. ಬಾಗಿಲು ದಾಟಿ ಬಂದಾಗ್ಲೇ ಸಿಕ್ಕಿರ್ಬೇಕು. ಸಿಕ್ಕಿ ಗೊತ್ತಿಲ್ಲ ಅಂದ್ಲು. ಯಾರಿಗೋಸ್ಕರ ಹೇಳು? ನಿನಗೋಸ್ಕರ. ಯಾರೋ ಗೇಟಿನಿಂದ ಬಂದು ನಿನ್ನನ್ನ ಕಿತ್ಕೊಂಡು ಹೋಗ್ತಾರೆ ಅಂತ ಇನ್ನೂ ಹೆದರ್ತಿದಾಳೆ. ಬೋಳು ತಲೆ, ಹೊಟ್ಟೆ ಮುಂದಿರೋ ನಿನ್ನನ್ನ ಯಾರಪ್ಪಾ ಎತ್ಕೊಂಡು ಹೋಗೋದು? ಅವಳಿಗೆ ಯುದ್ಧ ಮುಗಿದಿಲ್ಲ. ನನ್ನನ್ನ ಉಳಿಸೋಕೆ ಅಂತ ಕಲಿತ ಸುಳ್ಳನ್ನ ನನ್ನ ಮುಂದೆಯೇ, ನಿನ್ನನ್ನ ಉಳಿಸೋಕೆ ಹೇಳಿದ್ಲು. ನಂಗೆ ಆಗ ಕೈಲಿದ್ದ ಕನ್ನಡಿ, ಆ ಕಿಟಕಿ ಎಲ್ಲ ಒಡೆದುಹಾಕ್ಬೇಕು ಅನ್ನಿಸ್ತು. ಕತ್ತರಿ ಒ‍ರೆಸಿ ಪೆಟ್ಟಿಗೇಲಿಟ್ಟೆ.

ಷರತ್ತು ಏನಿತ್ತು? ಅವಳು ಎಲ್ಲರೆದುರು ಮಗ ಅನ್ಬೇಕು, ಆಮೇಲೆ ನಿನ್ನಮ್ಮನ ಸುದ್ದಿ ಹೇಳ್ತೀನಿ ಅಂತ. ಅನ್ನಲಿಲ್ಲ. ಹಾಗಾಗಿ ನಾನು ಹೇಳ್ಬೇಕಾಗಿಲ್ಲ. ಆದ್ರೆ ವಾರದಿಂದ ಆ ಇನ್ನೊಬ್ಬಳು ಬಿಡ್ತಿಲ್ಲ ನನ್ನನ್ನ. ನಿಜ ಹೇಳಿ ಬರಿಗೈಲಿ ಹೋದವಳು. ಇದು ನಿನಗೆ ಕೊಡ್ತಿರೋದಲ್ಲ, ಅವಳಿಗೆ.

ಬೆಟ್ಟದ ಕೆಳಗಿನ ಊರಲ್ಲಿ, ನದಿ ಸೇತುವೆ ಪಕ್ಕದ ಹಿಟ್ಟಿನ ಗಿರಣಿ, ಚೀಲ ಹೊಲಿಯೋ ವಿಭಾಗ. "ಎಡಗೈ ಅಂಗೈಯಲ್ಲಿ ಸುಟ್ಟ ಕಲೆ ಇರೋ ಹುಡುಗ ಬಂದ್ರೆ ಅಲ್ಲಿಗೆ ಹೇಳಿ ಕಳಿಸಿ, ನಾನು ಎಲ್ಲಿಗೂ ಹೋಗಲ್ಲ," ಅಂದಿದ್ಲು. ಆವತ್ತು ಎರಡೂ ಕೈಲಿ ನನ್ನ ಕೈ ಹಿಡಿದು ಕುಲುಕಿದೆಯಲ್ಲ, ಆಗ ಬೇಕಂತಲೇ ನಿನ್ನ ಎಡಗೈ ತಿರುಗಿಸಿ ನೋಡಿದೆ. ಇದೆ. ಹೋಗು. ಬದುಕಿದಾಳೋ ಇಲ್ವೋ ಗೊತ್ತಿಲ್ಲ. ಇದನ್ನ ನಾನು ಹಣೆ ನೋಡಿ ಹೇಳ್ತಿಲ್ಲ, ನಿಜವಾಗ್ಲೂ ಗೊತ್ತಿಲ್ಲ. ಹೊಲಿಗೆ ಯಂತ್ರದ ಹತ್ರ ಯಾರಾದ್ರೂ ಹಳಬರಿದ್ರೆ ಕೇಳು. ಬೇಗ ಹೋಗು, ಭೂಪಟ ಆಮೇಲೆ ಬಿಡಿಸು.

ನನ್ನ ಸಿಟ್ಟು ಇಳಿದಿದೆ ಅಂದ್ಕೋಬೇಡ. ಇಳಿಸೋನೂ ಅಲ್ಲ ನಾನು. ಮುಂದಿನ ತಿಂಗಳು ಅವಳ ಕೂದಲು ಕಿವಿ ಮೇಲೆ ಬರುತ್ತೆ. ಬರ್ತೀನಿ. ಹಿಂದಿನದು ಮುಗಿಸಿ ಎದುರಿಗೆ ಬಗ್ತೀನಿ, ಅದೇ ಮೂರು ಪ್ರಶ್ನೆ ಕೇಳ್ತೀನಿ. ಗೊತ್ತಿಲ್ಲ ಅನ್ಲಿ. ಅದರ ಮುಂದಿನ ತಿಂಗಳೂ ಬರ್ತೀನಿ. ಅವಳ ಪಾಠ ಗಟ್ಟಿ ಇದ್ರೆ ನಾನೂ ಅವಳ ಹತ್ರವೇ ಕಲಿತವನು. ನೀನು ಬಾಗಿಲು ತೆಗಿ ಸಾಕು.

ಒಂದು ತಿಂಗಳಲ್ಲ ಒಂದು ತಿಂಗಳು, ಅವಳ ಕಣ್ಣು ಎರಡು ಬೆರಳು ಕೆಳಗಿಳಿಯುತ್ತೆ.

ಇಂತಿ,
ಕೆಂಪುದಾರ